ಹಡಗಿನ ಫಿರಂಗಿ ಬಂಡಿ ಮತ್ತು ಅದರ ಮರದ ಮಾದರಿ

ಹಾಯಿಹಡಗುಗಳ ಕಾಲದಲ್ಲಿ ಫಿರಂಗಿಯನ್ನು ಹೊರುತ್ತಿದ್ದ ನಾಲ್ಕು ಗಾಲಿಯ ಕುಳ್ಳನೆಯ ಮರದ ಚೌಕಟ್ಟಿಗೆ ಹಡಗಿನ ಫಿರಂಗಿ ಬಂಡಿ ಎಂದು ಹೆಸರು. ಗುಂಡು ಹಾರಿದಾಗ ಇದು ಫಿರಂಗಿಯೊಡನೆ ಹಿಂದಕ್ಕೆ ಉರುಳುತ್ತಿತ್ತು. ಮದ್ದು ತುಂಬಿದ ಮೇಲೆ ಆಳುಗಳು ಹಗ್ಗ ಜಗ್ಗಿ ಅದನ್ನು ಮತ್ತೆ ಹಡಗಿನ ಬದಿಯ ಕಿಂಡಿಗೆ ಒಯ್ದು ನಿಲ್ಲಿಸುತ್ತಿದ್ದರು. 1545ರಲ್ಲಿ ಮುಳುಗಿದ ಇಂಗ್ಲಿಷ್ ಹಡಗು ಮೇರಿ ರೋಸ್ ಮತ್ತು 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ, ಇವೆರಡರಲ್ಲೂ ಇಂಥ ಬಂಡಿಗಳು ದೊರೆತಿವೆ. 18ನೆಯ ಶತಮಾನದ ಹೊತ್ತಿಗೆ ಇದರ ರೂಪ ಬಹುಮಟ್ಟಿಗೆ ಸ್ಥಿರವಾಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಬ್ಬಿಣದ ಬಂಡಿಗಳೂ ಜಾರುಹಳಿಗಳೂ ಬಂದು ಇದು ಮೂಲೆಗೆ ಸರಿಯಿತು.

ನಮ್ಮ ಕೋಟೆಗಳಲ್ಲಿ ಉಳಿದಿರುವುದು ಫಿರಂಗಿಯ ನಳಿಗೆ ಮಾತ್ರ. ಎರಕದ ಕಬ್ಬಿಣ ಇನ್ನೂರು ವರ್ಷದ ಮಳೆಗೂ ಜಗ್ಗುವುದಿಲ್ಲ. ಅದನ್ನು ಹೊತ್ತಿದ್ದ ಮರ ಗೆದ್ದಲಿಗೂ ಒಲೆಗೂ ಹೋಗಿರುತ್ತದೆ. ಆಮೇಲೆ ಯಾರೋ ನಳಿಗೆಯನ್ನು ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸುತ್ತಾರೆ, ಇಲ್ಲವೇ ಎತ್ತಿನ ಗಾಡಿಯ ಎತ್ತರದ ಚಕ್ರ ಜೋಡಿಸಿ ಬಣ್ಣ ಬಳಿಯುತ್ತಾರೆ. ಫಿರಂಗಿ ಹೇಗೆ ಕೆಲಸ ಮಾಡುತ್ತಿತ್ತು ಎಂಬುದರ ಮುಕ್ಕಾಲು ಪಾಲು ವಿವರ ಬಂಡಿಯಲ್ಲಿರುವುದರಿಂದ, ಅಳತೆಗೆ ಸರಿಯಾಗಿ ಕಟ್ಟಿದ ಮಾದರಿಗೆ ಆಟಿಕೆಗಿಂತ ಹೆಚ್ಚಿನ ಬೆಲೆಯಿದೆ.

ಮಂಗಳೂರಿನ ಹಿನ್ನೆಲೆ

ನೇತ್ರಾವತಿ ಮತ್ತು ಫಲ್ಗುಣಿ (ಗುರುಪುರ) ನದಿಗಳು ಸಮುದ್ರ ಸೇರುವ ಅಳಿವೆಯ ಒಳಗೆ ಹಳೆಯ ಮಂಗಳೂರು ಬಂದರು ಇದೆ. 1526ರಲ್ಲಿ ಪೋರ್ಚುಗೀಸರು ಈ ಬಂದರಿಗೆ ಬಂದಿಳಿದು ಹಿಡಿತ ಸಾಧಿಸಿದರು. 1568ರಲ್ಲಿ ಇಲ್ಲಿ ಕೋಟೆಯನ್ನೂ ಕಟ್ಟಿದರು. ಆದರೆ ಮಂಗಳೂರು ಸ್ವತಃ ಯುದ್ಧನೌಕೆಗಳ ನೆಲೆಯಾದದ್ದು ಹೈದರಾಲಿಯ ಕಾಲದಲ್ಲಿ. 1763ರಲ್ಲಿ ಬಿದನೂರು ಕೈವಶವಾದಾಗ ಕೆಳದಿ ರಾಜ್ಯದ ಕರಾವಳಿಯೂ ಅವನದಾಯಿತು. ಅವನು ಇಲ್ಲಿ ಹಡಗುಗಳನ್ನು ಕೂಡಿಸಿದ, ಕಟ್ಟಿಸಿದ. ನೌಕಾಪಡೆಯ ಮೇಲಧಿಕಾರವನ್ನು ಕುದುರೆ ಸವಾರರ ಪಡೆಯಿಂದ ಬಂದ ಲುತ್ಫ್ ಅಲಿ ಬೇಗನಿಗೆ ಕೊಟ್ಟದ್ದು ಹಡಗಿನ ನಾಯಕರಿಗೆ ಹಿಡಿಸಲಿಲ್ಲ. 1768ರಲ್ಲಿ ಮುಂಬಯಿಯ ಇಂಗ್ಲಿಷ್ ದಂಡು ಬಂದೆರಗಿದಾಗ ಅವರಲ್ಲಿ ಹಲವರು ಹಡಗುಗಳೊಡನೆ ಎದುರು ಪಕ್ಷ ಸೇರಿದರು. ಅದೇ ವರ್ಷ ಮೈಸೂರು ಪಡೆ ಊರನ್ನು ಮರಳಿ ಪಡೆಯಿತಾದರೂ ಹೋದ ಹಡಗುಗಳು ಹೋದವು.

ಮಾದರಿ ಕಟ್ಟುವವನಿಗೆ ಹೆಚ್ಚು ಉಪಯೋಗದ್ದು 1780ರ ಡಿಸೆಂಬರಿನ ಘಟನೆ. ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಎದುರು ಲಂಗರು ಹಾಕಿದ್ದ ಹೈದರನ ಹಡಗುಗಳ ಮೇಲೆ ದೋಣಿಗಳಲ್ಲಿ ಆಳುಗಳನ್ನು ಕಳುಹಿಸಿ ಸುಡಿಸಿದ. ಹಾಗೆ ನಾಶವಾದ ಎರಡು ದೊಡ್ಡ ಹಡಗುಗಳಲ್ಲಿ ಒಂದು 28 ಫಿರಂಗಿಯದು, ಇನ್ನೊಂದು 26 ಫಿರಂಗಿಯದು. ಮಂಗಳೂರಿನ ನೀರಿನಲ್ಲಿ ನಿಂತಿದ್ದ ಹಡಗುಗಳ ಗಾತ್ರ ಎಷ್ಟೆಂದು ಈ ಒಂದು ದಾಖಲೆ ಖಚಿತವಾಗಿ ತಿಳಿಸುತ್ತದೆ. ಅದೇ ಕಾಲದ ಬ್ರಿಟಿಷ್ ನೌಕಾದಳದಲ್ಲಿ 28 ಫಿರಂಗಿಯ ಫ್ರಿಗೇಟುಗಳ ಮುಖ್ಯ ಆಯುಧ 9 ಪೌಂಡಿನ ಫಿರಂಗಿ, ಅಂದರೆ 9 ಪೌಂಡು ತೂಕದ ಗುಂಡು ಹಾರಿಸುವಂಥದು. ಮಾದರಿಕಾರರಿಗೆ 24 ಅಥವಾ 32 ಪೌಂಡಿನ ದೈತ್ಯ ಫಿರಂಗಿಗಳ ಮೇಲೆ ಆಸೆ ಹೆಚ್ಚು. ಮಂಗಳೂರಿನ ನಂಟಿನ ಬಂಡಿ ಬೇಕೆಂದರೆ 9 ಪೌಂಡಿನದೇ ಸರಿಯಾದ ಆಯ್ಕೆ.

ಎರಡನೆಯ ಮೈಸೂರು ಯುದ್ಧದ ಕೊನೆಯ ಭಾಗ ಬಹುಮಟ್ಟಿಗೆ ಮಂಗಳೂರು ಕೋಟೆಯ ಮುತ್ತಿಗೆಯ ಸುತ್ತ ನಡೆದು, 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಮುಗಿಯಿತು. ಬೋಳೂರಿನ ಸುಲ್ತಾನ್ ಬತ್ತೇರಿ ಆ ಕಾಲದ್ದು. ಯುದ್ಧನೌಕೆಗಳು ಗುರುಪುರ ನದಿಯೊಳಗೆ ನುಗ್ಗದಂತೆ ಕಾಯಲು ಹೈದರನ ಮಗ ಟಿಪ್ಪು ಸುಲ್ತಾನ ಕಟ್ಟಿಸಿದ ಕಾವಲು ಬುರುಜು ಇದು. ಕಪ್ಪು ಕಲ್ಲಿನ ಗೋಡೆಯಲ್ಲಿ ಫಿರಂಗಿ ಕಿಂಡಿಗಳು, ಕೆಳಗೆ ಮದ್ದಿನ ಉಗ್ರಾಣ. ಬಂಡಿಯ ಮಾದರಿ ಕಟ್ಟುವವರು ಒಮ್ಮೆ ಅಲ್ಲಿ ಹತ್ತಿ ಕಿಂಡಿಯಿಂದ ನದಿಯನ್ನು ನೋಡಬೇಕು. ಕಿಂಡಿಯ ಅಗಲ, ಹೊಸ್ತಿಲಿನ ಎತ್ತರ, ಫಿರಂಗಿ ತಿರುಗಬಹುದಾದ ಕೋನ, ಈ ಮೂರು ಬಂಡಿಯ ಅಳತೆಯನ್ನು ಹೇಗೆ ಕಟ್ಟಿಹಾಕುತ್ತವೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

1796ರ ನೌಕಾ ಆಜ್ಞೆಯಲ್ಲಿ ಟಿಪ್ಪು 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟುಗಳ ಯೋಜನೆ ಹಾಕಿದ. ದೊಡ್ಡವು 72 ಫಿರಂಗಿಯವರೆಗಿನವು. ಹಡಗಿನ ತಳಕ್ಕೆ ತಾಮ್ರದ ಹೊದಿಕೆ. ಮೇಲ್ವಿಚಾರಣೆಗೆ ‘ಮೀರ್ ಯಮ್’ ಎಂಬ ಹನ್ನೊಂದು ಅಧಿಕಾರಿಗಳು. ಮಂಗಳೂರಿನ ಹಡಗುಕಟ್ಟೆ ಈ ಯೋಜನೆಯ ಕೇಂದ್ರಗಳಲ್ಲಿ ಒಂದು. ಹಡಗುಗಳ ಮಾದರಿಯನ್ನು ಸುಲ್ತಾನನೇ ಒದಗಿಸಿದ್ದ ಎಂಬ ವಿವರ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು: ಬಡಗಿಗಳು ಕೆಲಸ ಹಿಡಿಯಬೇಕಾಗಿದ್ದುದು ಅಳತೆ ಮಾದರಿಯನ್ನು ಮುಂದಿಟ್ಟುಕೊಂಡು. 1798ರ ಏಪ್ರಿಲಿನಲ್ಲಿ ಮಾರಿಷಸ್ಸಿನಿಂದ ಬಂದ ಫ್ರೆಂಚ್ ಫ್ರಿಗೇಟ್ ಪ್ರೆನೂಸ್ ಟಿಪ್ಪುವಿಗೆ ನೆರವಾಗುವ ನೂರರಷ್ಟು ಜನರನ್ನು ಮಂಗಳೂರಿನಲ್ಲೇ ಇಳಿಸಿತು. ಮರುವರ್ಷ ಶ್ರೀರಂಗಪಟ್ಟಣ ಬಿದ್ದು ಇಡೀ ನೌಕಾಯೋಜನೆ ಅಲ್ಲಿಗೇ ನಿಂತಿತು.

ಬಂಡಿಯ ಅಂಗಗಳು

ಬಂಡಿಯ ಬೆನ್ನೆಲುಬು ಎಂದರೆ ಎರಡು ಪಕ್ಕದ ಹಲಗೆಗಳು. ಫಿರಂಗಿಯ ಎರಡೂ ಬದಿಗೆ ಚಾಚಿದ ಗುಂಡನೆಯ ತೋಳುಗಳು ಈ ಹಲಗೆಗಳ ಮೇಲಂಚಿನ ಅರೆವೃತ್ತದ ಗುಂಡಿಗಳಲ್ಲಿ ಕೂರುತ್ತವೆ. ತೋಳು ಹಾರಿಹೋಗದಂತೆ ಮೇಲೆ ಕಬ್ಬಿಣದ ಬಾಗುಪಟ್ಟಿಯ ಮುಚ್ಚಳ. ಹಲಗೆಯ ಹಿಂಭಾಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಇದು ಅಲಂಕಾರಕ್ಕೆಂದು ತಿಳಿದವರುಂಟು. ಆಳುಗಳು ಸನ್ನೆಕೋಲನ್ನು ಆ ಮೆಟ್ಟಿಲ ಮೇಲೆ ಊರಿ ಫಿರಂಗಿಯ ಹಿಂಬದಿಯನ್ನು ಎತ್ತುತ್ತಿದ್ದರು. ಎಷ್ಟು ಎತ್ತರಕ್ಕೆ ಬೇಕೋ ಆ ಮೆಟ್ಟಿಲು. ಎತ್ತಿ ಹಿಡಿದಾಗ ಇನ್ನೊಬ್ಬ ಕೆಳಗೆ ಬೆಣೆ ತಳ್ಳುತ್ತಿದ್ದ. ಫಿರಂಗಿಯ ಹಿಂಬದಿ ಮುಂಬದಿಗಿಂತ ಸ್ವಲ್ಪ ಭಾರವಾಗಿರುವಂತೆಯೇ ಎರಕ ಹೊಯ್ಯುತ್ತಿದ್ದುದರಿಂದ ಅದು ಸದಾ ಬೆಣೆಯ ಮೇಲೆ ಒರಗಿರುತ್ತಿತ್ತು. ಕರಾವಳಿಯ ರಥೋತ್ಸವಗಳಲ್ಲಿ ಗಾಲಿಗೆ ಬೆಣೆ ಕೊಟ್ಟು ತೇರನ್ನು ಹದ್ದುಬಸ್ತಿನಲ್ಲಿಡುವವರ ಕೈಚಳಕವನ್ನು ಕಂಡವರಿಗೆ ಈ ಕೆಲಸದ ಅಪಾಯವೂ ಲಯವೂ ಬೇಗ ಅರ್ಥವಾದೀತು.

ಎರಡು ಹಲಗೆಗಳನ್ನು ಮುಂದೆ ಒಂದು ಅಡ್ಡಹಲಗೆ ಬಿಗಿಯುತ್ತದೆ. ಕೆಳಗೆ ಎರಡು ಅಚ್ಚುಗಳು: ನಡುವೆ ಚೌಕ, ಕೊನೆಯಲ್ಲಿ ದುಂಡು. ದುಂಡು ತುದಿಗೆ ಗಾಲಿ, ಗಾಲಿ ಕಳಚದಂತೆ ಕಡಾಣಿ. ಬೆಣೆ ಕೂರಲು ಒಂದು ಮಣೆ. ಅದರ ಹಿಂತುದಿ ಹಿಂದಿನ ಅಚ್ಚಿನ ಮೇಲೆ, ಮುಂತುದಿ ಹಲಗೆಗಳ ನಡುವೆ ಅಡ್ಡ ಹಾಯ್ದ ಕಬ್ಬಿಣದ ಸರಳಿನ ಮೇಲೆ.

ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಸಾಮಾನ್ಯವಾಗಿ ಒಂದೆರಡು ಇಂಚು ದೊಡ್ಡವು. ಹಡಗಿನ ಅಟ್ಟ ನಡುವೆ ಉಬ್ಬಿ ಬದಿಗಳತ್ತ ಇಳಿಜಾರಾಗಿರುತ್ತದೆ. ಮುಂದಿನ ಗಾಲಿ ದೊಡ್ಡದಾದರೆ ಮಾತ್ರ ಬಂಡಿ ಸಮತಲವಾಗಿ ನಿಲ್ಲುತ್ತದೆ. ಇಳಿಜಾರಿನ ಇನ್ನೊಂದು ಲಾಭ, ಸಿಡಿದ ಫಿರಂಗಿ ಏರುಮುಖವಾಗಿ ಹಿಂದಕ್ಕೆ ಹೋಗಬೇಕಾಗಿ ಅದರ ವೇಗ ಕುಗ್ಗುತ್ತದೆ. ಮಾದರಿಯನ್ನು ಸಪಾಟು ಹಲಗೆಯ ಮೇಲಿಟ್ಟು ಪ್ರದರ್ಶಿಸಿದಾಗ ಮೂತಿ ಕೊಂಚ ಮೇಲೆದ್ದಂತೆ ಕಂಡರೆ ಅದು ದೋಷವಲ್ಲ. ಪೀಠವನ್ನೇ ಅಷ್ಟು ಇಳಿಜಾರಾಗಿ ಮಾಡುವುದು ಉತ್ತಮ.

ಗಾಲಿ ಮರದ್ದೇ ಆಗಿರಬೇಕು. ಇದೇ ಆಕಾರದ ಬಂಡಿಗಳು ಸಮುದ್ರತೀರದ ಕೋಟೆಗಳಲ್ಲೂ ಇದ್ದವು. ಅವಕ್ಕೆ ಹಲವೆಡೆ ಎರಕದ ಕಬ್ಬಿಣದ ಗಾಲಿ, ಏಕೆಂದರೆ ಕಲ್ಲುಹಾಸಿಗೆ ಅದರಿಂದ ತೊಂದರೆಯಿಲ್ಲ. ಹಡಗಿನ ಅಟ್ಟದ ಮೇಲೆ ಕಬ್ಬಿಣದ ಗಾಲಿ ಉರುಳಿದರೆ ಹಲಗೆ ಸೀಳುತ್ತದೆ. ಕೋಟೆಯ ಬಂಡಿಯ ಚಿತ್ರ ನೋಡಿ ಹಡಗಿನದನ್ನು ಕಟ್ಟುವವರು ಎಡವುವುದು ಇಲ್ಲಿಯೇ.

ಇಂಗ್ಲಿಷ್ ಮತ್ತು ಫ್ರೆಂಚ್ ಬಂಡಿಗಳ ನಡುವೆಯೂ ವ್ಯತ್ಯಾಸವಿದೆ. ಸಿಡಿದ ಫಿರಂಗಿಯನ್ನು ತಡೆದು ನಿಲ್ಲಿಸುವ ದಪ್ಪ ಹಗ್ಗವು ಇಂಗ್ಲಿಷ್ ಬಂಡಿಯಲ್ಲಿ ಹಲಗೆಯ ಹೊರಮೈಯ ಕಬ್ಬಿಣದ ಬಳೆಗಳ ಮೂಲಕ ಹಾಯುತ್ತದೆ. ಫ್ರೆಂಚ್ ಬಂಡಿಯಲ್ಲಿ ಹಲಗೆಗೇ ಕೊರೆದ ತೂತಿನ ಮೂಲಕ. ಒಂದರ ಹಲಗೆಗೆ ಇನ್ನೊಂದರ ಹಗ್ಗ ಪೋಣಿಸುವುದು ತಿಳಿದವರ ಕಣ್ಣಿಗೆ ಕೂಡಲೇ ಬೀಳುತ್ತದೆ.

ಅಳತೆಯ ಲೆಕ್ಕ

ಈ ಬಂಡಿಯ ಚೆಲುವಿರುವುದು ಅದರ ಲೆಕ್ಕದಲ್ಲಿ. ನಳಿಗೆಯ ಒಳವ್ಯಾಸ ಒಂದು ಗೊತ್ತಾದರೆ ಉಳಿದ ಅಳತೆಗಳು ಒಂದರ ಹಿಂದೊಂದು ಹೊರಡುತ್ತವೆ. ಜಾನ್ ಮುಲ್ಲರ್ 1757ರ ತನ್ನ ಫಿರಂಗಿಶಾಸ್ತ್ರದ ಗ್ರಂಥದಲ್ಲಿ ಬಂಡಿಗಳ ಅಳತೆಯನ್ನು ಇದೇ ಕ್ರಮದಲ್ಲಿ ಕೊಟ್ಟಿದ್ದಾನೆ. ಪಕ್ಕದ ಹಲಗೆಯ ದಪ್ಪ ಸುಮಾರು ಒಳವ್ಯಾಸದಷ್ಟು. ಗಾಲಿಯ ದಪ್ಪವೂ ಅಷ್ಟೇ. ತೋಳಿನ ವ್ಯಾಸ ಮತ್ತು ಉದ್ದ ಕೂಡ ಅಷ್ಟೇ. ತೋಳುಗಳ ಸ್ಥಾನ ಹಿಂಬದಿಯ ಬಳೆಯಿಂದ ನಳಿಗೆಯ ಉದ್ದದ ಏಳರಲ್ಲಿ ಮೂರು ಪಾಲು ದೂರದಲ್ಲಿ.

9 ಪೌಂಡಿನ ಫಿರಂಗಿಯ ಒಳವ್ಯಾಸ 4.2 ಇಂಚು, ಗುಂಡಿನ ವ್ಯಾಸ 4 ಇಂಚು. ನಡುವಿನ ಸಂದು ತುಕ್ಕು ಹಿಡಿದ ಗುಂಡೂ ಸಲೀಸಾಗಿ ಇಳಿಯಲಿ ಎಂದು. ಉದ್ದ ಹಲವು ಬಗೆ. ಏಳೂವರೆ ಅಡಿಯದನ್ನು ತೆಗೆದುಕೊಂಡರೆ ತೂಕ ಸುಮಾರು ಒಂದೂಕಾಲು ಟನ್. 1:12ರ ಮಾದರಿಯಲ್ಲಿ ಈ ನಳಿಗೆ 190 ಮಿಲಿಮೀಟರ್ ಉದ್ದ, ಹಲಗೆ ಸುಮಾರು 9 ಮಿಲಿಮೀಟರ್ ದಪ್ಪ, ತೋಳಿನ ಸ್ಥಾನ ಹಿಂಬಳೆಯಿಂದ ಹತ್ತಿರ ಹತ್ತಿರ 82 ಮಿಲಿಮೀಟರ್. 1:24ರಲ್ಲಿ ಉದ್ದ 95, ಹಲಗೆಯ ದಪ್ಪ 4.4. ಇಡೀ ಹಡಗಿನ ಮಾದರಿಗಳಿಗೆ ರೂಢಿಯಾಗಿರುವ 1:48ರಲ್ಲಿ ಉದ್ದ 48ಕ್ಕೂ ಕಡಿಮೆ, ದಪ್ಪ ಬರೀ 2.2. ಬಂಡಿಯನ್ನೇ ಪ್ರತ್ಯೇಕವಾಗಿ ಕಟ್ಟುವವರು 1:12ಕ್ಕಿಂತ ಚಿಕ್ಕದಕ್ಕೆ ಇಳಿಯದಿರುವುದು ಒಳ್ಳೆಯದು. ಮುಚ್ಚಳದ ಬಿಜಾಗರಿ, ಕಡಾಣಿ, ಬೋಲ್ಟಿನ ತಲೆ ಇವೆಲ್ಲ ನಿಜವಾಗಿ ಕೆಲಸ ಮಾಡುವಂತೆ ಮಾಡಲು ಆ ಗಾತ್ರ ಬೇಕು.

ಲೆಕ್ಕದಲ್ಲಿ ಎರಡು ಕಡೆ ಎಚ್ಚರ ಬೇಕು. ದಾಖಲೆಗಳಲ್ಲಿ ಬರುವ ‘ಫಿರಂಗಿಯ ಉದ್ದ’ ಹಿಂಬದಿಯ ಬಳೆಯಿಂದ ಮೂತಿಯವರೆಗಿನದು, ಹಿಂದಿನ ಗುಬುಟು ಅದರಲ್ಲಿ ಸೇರಿಲ್ಲ. ಹಾಗೆಯೇ ಹಗ್ಗಗಳ ಅಳತೆ ಎಂದರೆ ಸುತ್ತಳತೆ. ‘ಐದು ಇಂಚಿನ ಹಗ್ಗ’ದ ದಪ್ಪ 1.6 ಇಂಚು, 1:12ರಲ್ಲಿ ಸುಮಾರು 3.4 ಮಿಲಿಮೀಟರ್. ಇದನ್ನು ದಪ್ಪವೆಂದೇ ತಿಳಿದು ಹತ್ತು ಮಿಲಿಮೀಟರಿನ ಮಿಣಿಹಗ್ಗ ಸುತ್ತಿದ ಮಾದರಿಗಳು ಅಪರೂಪವೇನಲ್ಲ. ತಡೆಹಗ್ಗದ ಉದ್ದ ನಳಿಗೆಯ ಉದ್ದದ ಸುಮಾರು ಮೂರು ಪಟ್ಟು. ಸಿಡಿದ ಮೇಲೆ ಮೂತಿ ಕಿಂಡಿಯಿಂದ ಒಳಕ್ಕೆ ಬಂದು ಮದ್ದು ತುಂಬಲು ಜಾಗವಾಗಬೇಕಲ್ಲ, ಅದಕ್ಕೆ.

ಮರ

ಇಂಗ್ಲೆಂಡಿನಲ್ಲಿ ಬಂಡಿಯ ಹಲಗೆಗೆ ಎಲ್ಮ್ ಮರ ಬಳಸುತ್ತಿದ್ದರು. ಗುಂಡು ತಾಗಿದರೂ ಅದು ಸುಲಭವಾಗಿ ಸೀಳುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಹಡಗಿನ ಮರವೆಂದರೆ ತೇಗ, ಅಂದರೆ ಸಾಗುವಾನಿ. ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಫ್ರಿಗೇಟ್ ಟ್ರಿಂಕೋಮಲಿ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ಮಂಗಳೂರಿನ ಸುತ್ತಣ ದೋಣಿ ಕಟ್ಟುವವರು ತೇಗದ ಜೊತೆಗೆ ಹೆಬ್ಬಲಸನ್ನೂ ಬಲ್ಲರು. ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳ ಪರಂಪರೆ, ಬೆಂಗ್ರೆಯ ಮರದ ದೋಣಿಗಳ ಕೆಲಸ, ಇವು ಫೈಬರ್ ಮತ್ತು ಉಕ್ಕಿನ ದೋಣಿಗಳ ಎದುರು ಸೊರಗಿವೆ. ಆದರೆ ಮರವನ್ನು ಮುಟ್ಟಿ ಜಾತಿ ಹೇಳುವ ಆಚಾರಿಗಳು ಇನ್ನೂ ಇದ್ದಾರೆ.

ಮಾದರಿಗೂ ಅದೇ ಮರ ಬಳಸಬೇಕೆಂಬ ಹಂಬಲ ಸಹಜ. 1:12ರಲ್ಲಿ ತೇಗ ನಡೆಯುತ್ತದೆ. ಅದಕ್ಕಿಂತ ಚಿಕ್ಕದಾದರೆ ತೇಗದ ರಂಧ್ರಗಳು ಎದ್ದು ಕಂಡು ಮೂರು ಇಂಚಿನ ಸೀಳುಗಳಿರುವ ಹಲಗೆಯಂತೆ ತೋರುತ್ತದೆ. ಮರದ ಎಳೆಯನ್ನು ಅಳತೆಗೆ ಇಳಿಸಲು ಬರುವುದಿಲ್ಲ; ಇಳಿದಂತೆ ಕಾಣುವ ಮರವನ್ನು ಆರಿಸಬೇಕಷ್ಟೆ. ನಯವಾದ ಎಳೆಯ ಅರಿಸಿನ ತೇಗ ಇದಕ್ಕೆ ಒಳ್ಳೆಯದು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆಮರ ಇನ್ನೂ ನಯ; ಕಡೆಯುವುದಕ್ಕೆ ಹೇಳಿ ಮಾಡಿಸಿದ್ದು, ಗಾಲಿಗಳಿಗಂತೂ ಅದಕ್ಕೆ ಸಾಟಿಯಿಲ್ಲ. ಬೀಟೆ ಗಟ್ಟಿ, ಹೊಳಪು ಚೆನ್ನ. ಆದರೆ ಹಡಗಿನ ಬಂಡಿಗೆ ಅದರ ಬಣ್ಣ ಒಗ್ಗದು. ದಿಮ್ಮಿ ಕೊಳ್ಳುವ ಅಗತ್ಯವಿಲ್ಲ. ಪೀಠೋಪಕರಣದ ಅಂಗಡಿಯ ಹಿಂದೆ ಬಿದ್ದಿರುವ ತುಂಡುಗಳಲ್ಲಿ, ಹಳೆಯ ಮನೆ ಕೆಡವಿದಾಗ ಬರುವ ಪಕ್ಕಾಸುಗಳಲ್ಲಿ ಹತ್ತು ಬಂಡಿಗಾಗುವಷ್ಟು ಮರ ಸಿಗುತ್ತದೆ. ಹಳೆಯ ಮನೆಯ ಮರ ದಶಕಗಳ ಕಾಲ ಒಣಗಿ ತೆಪ್ಪಗಿರುವುದರಿಂದ ಹೊಸದಕ್ಕಿಂತ ಮೇಲು.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಮರ ಚೆನ್ನಾಗಿ ಒಣಗಿರುವುದು ಸಣ್ಣ ಮಾತಲ್ಲ. ಆಷಾಢದಲ್ಲಿ ಬಿಗಿಯಾಗಿ ಕೂಡಿಸಿದ ಗಾಲಿ ಮಾರ್ಚಿನಲ್ಲಿ ಸಡಿಲವಾಗುತ್ತದೆ. ಮಾರ್ಚಿನಲ್ಲಿ ಬಿಗಿದದ್ದು ಜುಲೈಯಲ್ಲಿ ತಿರುಗುವುದಿಲ್ಲ. ಅಚ್ಚಿಗೂ ಗಾಲಿಯ ತೂತಿಗೂ ಕೂದಲೆಳೆಯ ಸಂದು ಬಿಟ್ಟು, ಕೆಲಸವನ್ನು ದೀಪಾವಳಿಯ ನಂತರದ ಒಣ ತಿಂಗಳುಗಳಲ್ಲಿ ಮುಗಿಸಿ, ಎಲ್ಲ ಮೈಗೂ ಎಣ್ಣೆ ಅಥವಾ ವಾರ್ನಿಷು ಹಚ್ಚುವುದು ರೂಢಿಗೆ ಬರಬೇಕು. ಒಂದೇ ಮೈಗೆ ಹಚ್ಚಿ ಒಳಮೈ ಬಿಟ್ಟರೆ ಹಲಗೆ ಬಾಗುತ್ತದೆ.

ಕಟ್ಟುವ ಕ್ರಮ

ಮೊದಲು ನಳಿಗೆ ಸಿದ್ಧವಿರಬೇಕು. ಬಂಡಿ ಕಟ್ಟಿ ಆಮೇಲೆ ಅದಕ್ಕೆ ಹೊಂದುವ ನಳಿಗೆ ಹುಡುಕುವುದು ತಲೆಕೆಳಗಾದ ಕೆಲಸ. ಹಿತ್ತಾಳೆಯಲ್ಲೋ ಮರದಲ್ಲೋ ಕಡೆದ ಗಟ್ಟಿ ನಳಿಗೆ ಸಾಕು. ಮೂತಿಯನ್ನು ಕಣ್ಣಿಗೆ ಕಾಣುವಷ್ಟು ಆಳಕ್ಕೆ ಮಾತ್ರ ಕೊರೆಯಬೇಕು. ಮದ್ದು ತುಂಬಿ ಸಿಡಿಸಬಲ್ಲ ನಳಿಗೆ ಗಾತ್ರದಲ್ಲಿ ಎಷ್ಟೇ ಚಿಕ್ಕದಾದರೂ 1959ರ ಶಸ್ತ್ರಾಸ್ತ್ರ ಕಾಯ್ದೆ, 1884ರ ಸ್ಫೋಟಕಗಳ ಕಾಯ್ದೆಗಳ ಪ್ರಶ್ನೆ ಎಬ್ಬಿಸುತ್ತದೆ. ಅಪಾಯವಂತೂ ಇದ್ದೇ ಇದೆ.

ಪಕ್ಕದ ಹಲಗೆಗಳೆರಡನ್ನೂ ಒಂದರ ಮೇಲೊಂದು ಅಂಟುಪಟ್ಟಿಯಿಂದ ಜೋಡಿಸಿ ಒಟ್ಟಿಗೇ ಕತ್ತರಿಸಿದರೆ ಮೆಟ್ಟಿಲುಗಳೂ ತೋಳಿನ ಗುಂಡಿಗಳೂ ಸರಿಸಮ ಬರುತ್ತವೆ. ಮೂಲ ಬಂಡಿಯಲ್ಲಿ ಅಷ್ಟು ಅಗಲದ ಒಂದೇ ಹಲಗೆ ಸಿಗದೆ ಎರಡನ್ನು ಹಲ್ಲಿನ ಜೋಡಣೆಯಿಂದ ಸೇರಿಸಿ ಮೇಲಿಂದ ಕೆಳಕ್ಕೆ ಬೋಲ್ಟು ಹಾಯಿಸುತ್ತಿದ್ದರು. ಮಾದರಿಯಲ್ಲೂ ಹಾಗೆಯೇ ಮಾಡಿದರೆ ಕೆಲಸ ಕಠಿಣ, ಆದರೆ ಫಲ ಬೇರೆಯೇ. ಬರೀ ಗೆರೆ ಕೊರೆದು ಜೋಡಣೆಯಂತೆ ತೋರಿಸುವವರೂ ಇದ್ದಾರೆ. 1:48ರಲ್ಲಿ ಅದಕ್ಕೆ ಆಕ್ಷೇಪವಿಲ್ಲ.

ಹಲಗೆಗಳು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲುವುದಿಲ್ಲ. ನಳಿಗೆ ಹಿಂದೆ ದಪ್ಪ, ಮುಂದೆ ಸಣ್ಣ. ಅದರ ಓರೆಯನ್ನೇ ಅನುಸರಿಸಿ ಹಲಗೆಗಳೂ ಹಿಂದಕ್ಕೆ ಅಗಲವಾಗುತ್ತವೆ. ಹೀಗಾಗಿ ಅಚ್ಚುಗಳಲ್ಲಿ ಹಲಗೆ ಕೂರುವ ಕಚ್ಚುಗಳನ್ನೂ ಓರೆಯಾಗಿಯೇ ಕೊರೆಯಬೇಕು. ಹೊಸಬರ ಬಂಡಿ ಪೆಟ್ಟಿಗೆಯಂತೆ ಕಾಣಲು ಕಾರಣ ಈ ಓರೆಯ ಅಭಾವವೇ. ಕಾಗದದ ಮೇಲೆ ನಳಿಗೆಯ ಮೇಲ್ನೋಟವನ್ನು ಪೂರ್ಣ ಅಳತೆಯಲ್ಲಿ ಬರೆದು ಅದರ ಮೇಲೆಯೇ ಬಂಡಿ ಜೋಡಿಸುವುದು ಹಳೆಯ, ನಂಬಬಹುದಾದ ದಾರಿ.

ಇದಾದ ಮೇಲೆ ಇನ್ನೊಂದು ಪರೀಕ್ಷೆ. 18ನೆಯ ಶತಮಾನದ ಬಹುಪಾಲು ಇಂಗ್ಲಿಷ್ ಫಿರಂಗಿಗಳಲ್ಲಿ ತೋಳುಗಳು ನಳಿಗೆಯ ನಡುಗೆರೆಗಿಂತ ಕೆಳಗಿರುತ್ತವೆ. ಹಾಗಾಗಿ ನಳಿಗೆ ಹಲಗೆಗಳ ಮೇಲೆ ಎದ್ದು ನಿಂತಂತೆ ಕಾಣಬೇಕು. ಅಂಟು ಹಾಕುವ ಮೊದಲು ನಳಿಗೆಯನ್ನು ಕೂರಿಸಿ, ಮೂತಿಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ, ಅಡ್ಡಹಲಗೆಗೆ ತಾಗುತ್ತದೆಯೇ ನೋಡಬೇಕು. ತಾಗಿದರೆ ಅಡ್ಡಹಲಗೆಯ ಮೇಲಂಚನ್ನು ಅರದಿಂದ ಇಳಿಸಬೇಕು, ತೋಳಿನ ಗುಂಡಿಯನ್ನು ಏರಿಸಬಾರದು.

ಗಾಲಿಗಳನ್ನು ಹಲಗೆಯಿಂದ ಸುಮಾರಾಗಿ ದುಂಡಗೆ ಕತ್ತರಿಸಿ, ನಡುತೂತಿಗೆ ಸರಳು ಹಾಯಿಸಿ, ಒಂದೊಂದು ಜೋಡಿಯನ್ನು ಒಟ್ಟಿಗೆ ಲೇತಿನಲ್ಲೋ ಡ್ರಿಲ್ಲಿನಲ್ಲೋ ತಿರುಗಿಸಿ ಉಜ್ಜಬಹುದು. ಮುಂದಿನ ಜೋಡಿ ಬೇರೆ, ಹಿಂದಿನ ಜೋಡಿ ಬೇರೆ ಎಂಬುದನ್ನು ಮರೆಯಬಾರದು. ಕಬ್ಬಿಣದ ಕೆಲಸಕ್ಕೆ ಹಿತ್ತಾಳೆ ತಂತಿಯೂ ತಗಡೂ ಸಾಕು. ಕಾಯಿಸಿ ಮೆತ್ತಗಾಗಿಸಿದ ತಂತಿಯನ್ನು ಸರಳಿಗೆ ಸುತ್ತಿ ಕತ್ತರಿಸಿದರೆ ಬಳೆಗಳು, ತಿರುಚಿದರೆ ಕೊಂಡಿಗಳು. ಆಮೇಲೆ ಹೊಳಪಿಲ್ಲದ ಕಪ್ಪು ಬಳಿಯಬೇಕು. ನಿಜವಾದ ಕಬ್ಬಿಣ ಬಳಸಿದವರು ಕಡಲ ಗಾಳಿಗೆ ಎರಡೇ ಮಳೆಗಾಲದಲ್ಲಿ ತುಕ್ಕನ್ನು ಕಾಣುತ್ತಾರೆ.

ಹಗ್ಗ, ರಾಟೆ, ಬಣ್ಣ

ತಡೆಹಗ್ಗದ ಜೊತೆಗೆ ಎರಡೂ ಬದಿಗೆ ಒಂದೊಂದು ರಾಟೆಹಗ್ಗ ಬಂಡಿಯನ್ನು ಕಿಂಡಿಗೆ ಎಳೆಯಲು, ಹಿಂದೆ ಒಂದು ಅದನ್ನು ಒಳಕ್ಕೆ ಹಿಡಿದಿಡಲು. ಅಂಗಡಿಯ ದಾರಕ್ಕಿಂತ ಮೂರು ಎಳೆ ಹತ್ತಿ ನೂಲನ್ನು ಕೈಯಿಂದ ಹೊಸೆದ ಹುರಿ ಹಗ್ಗದಂತೆ ಕಾಣುತ್ತದೆ. ನಾರು ಎದ್ದಿದ್ದರೆ ಜೇನುಮೇಣ ಹಚ್ಚಿ ಕೂರಿಸಬೇಕು.

18ನೆಯ ಶತಮಾನದ ಇಂಗ್ಲಿಷ್ ಬಂಡಿಗಳಿಗೆ ಮಂಕು ಕೆಂಪು ಬಣ್ಣವೇ ಸಾಮಾನ್ಯ. ಮರದ ಸೊಬಗು ಮುಚ್ಚಿಹೋಗುತ್ತದೆ ಎಂದು ಬಣ್ಣ ಹಚ್ಚಲು ಹಿಂಜರಿಯುವವರೇ ಹೆಚ್ಚು. ಎಣ್ಣೆ ಹಚ್ಚಿದ ತೇಗ ಚೆಂದವೇನೋ ಹೌದು. ಅದು ಕುಶಲಕರ್ಮಿಯ ಕೆಲಸದ ಪ್ರದರ್ಶನವಾಗುತ್ತದೆಯೇ ವಿನಾ ಹಡಗಿನ ಬಂಡಿಯಾಗುವುದಿಲ್ಲ. ಎರಡರಲ್ಲಿ ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿದರೆ ಮರದ ಆಯ್ಕೆಯೂ ಹಗುರವಾಗುತ್ತದೆ.

ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತು ಸಂಗ್ರಹಾಲಯದ ಕಟ್ಟಡವನ್ನು ಹಡಗಿನ ಆಕಾರದಲ್ಲೇ ಕಟ್ಟಲಾಗಿದೆ. ಪಿಲಿಕುಳದ ಕುಶಲಕರ್ಮಿಗಳ ಗ್ರಾಮದಲ್ಲಿ ಮರಗೆಲಸಕ್ಕೆ ತಾಣವಿದೆ. ಊರಿನ ಆಚಾರಿಯೊಬ್ಬರು 9 ಪೌಂಡಿನ ಬಂಡಿಯೊಂದನ್ನು ನಾಲ್ಕರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟಿ ಇಂಥ ಕಡೆ ಇಟ್ಟರೆ, ಗಾಲಿ ಉರುಳಿಸಿ ಬೆಣೆ ಸರಿಸಿ ನೋಡಲು ಶಾಲೆಯ ಮಕ್ಕಳಿಗೆ ಬಿಟ್ಟರೆ, ಮಂಗಳೂರಿನ ನೌಕಾ ಇತಿಹಾಸದ ಬಗ್ಗೆ ಗೋಡೆಗೆ ತೂಗುಹಾಕುವ ಫಲಕಕ್ಕಿಂತ ಹೆಚ್ಚು ತಿಳಿವಳಿಕೆ ಅದರಿಂದ ಸಿಗುತ್ತದೆ. ಕಟ್ಟುವವರು ಬಳಸಿದ ಮರ, ಅಳತೆಯ ಪ್ರಮಾಣ, ಅನುಸರಿಸಿದ ದೇಶದ ಮಾದರಿ ಈ ಮೂರನ್ನು ಬಂಡಿಯ ಅಡಿಯಲ್ಲಿ ಬರೆದಿಡಲಿ.